ಹಾಸನ ಸೀಮೆಯ ಸಾಲುಮರಗಳು

ರಸ್ತೆಯ ಚರಿತ್ರೆಯೆಂದರೆ ಸೇತುವೆ, ಮೈಲಿಗಲ್ಲು, ಸುಂಕದ ಕಟ್ಟೆಗಳ ಚರಿತ್ರೆಯೆಂದು ಭಾವಿಸುವುದು ವಾಡಿಕೆ. ಮರಗಳನ್ನು ದಾರಿಯ ಶೋಭೆಯೆಂದು ಬದಿಗೆ ಬಿಡಲಾಗುತ್ತದೆ. ಹಾಸನ ಸೀಮೆಯನ್ನು ನೋಡಿದರೆ, ಮರವು ಶೋಭೆಯಾಗಿರುವುದಕ್ಕೆ ಮೊದಲು ನಡೆಯುವವನ ಅಗತ್ಯವಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

ಈ ಭಾವನೆ ಪ್ರಾಚೀನವಾದುದು. ಜನರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿ, ಮಾವಿನ ತೋಪುಗಳನ್ನು ಬೆಳೆಸಿ, ಬಾವಿಗಳನ್ನು ತೋಡಿಸಿದ ಸಂಗತಿಯನ್ನು ಕ್ರಿ. ಪೂ. 3ನೆಯ ಶತಮಾನದ ಅಶೋಕನ ಸ್ತಂಭಶಾಸನವು ಹೇಳುತ್ತದೆ. ಮೈಸೂರು ಸಂಸ್ಥಾನದಲ್ಲಿ ಕಮಿಷನರುಗಳ ಆಡಳಿತಕಾಲದಲ್ಲಿ (1831–1881) ರಸ್ತೆಗಳು ವಿಸ್ತಾರಗೊಂಡಾಗ ಇಕ್ಕೆಲಗಳಲ್ಲಿ ಮರ ನೆಡಿಸುವುದೂ ಸರ್ಕಾರದ ಕಾರ್ಯವಾಯಿತು. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ತಲಾ 30–40 ಕಿಲೋಮೀಟರ್ ದೂರದಲ್ಲಿವೆ. ಸಂತೆಗೆ ಹೊರೆ ಹೊತ್ತವನಿಗೂ ಶ್ರವಣಬೆಳಗೊಳದ ಯಾತ್ರಿಕನಿಗೂ ಅದು ಒಂದು ಹಗಲಿನ ನಡಿಗೆ. ಸಾಲುಮರ, ಬಾವಿ, ಗುಂಡುತೋಪು, ಊರ ಬಾಗಿಲ ಅರಳಿಕಟ್ಟೆ ಇವೆಲ್ಲ ಕೂಡಿ ಆ ನಡಿಗೆಗೆ ಒದಗಿದ ಒಂದೇ ಏರ್ಪಾಡು.

ಮರಗಳ ಆಯ್ಕೆಯಲ್ಲಿಯೂ ವಿವೇಕವಿತ್ತು. ಹುಣಸೆ, ಮಾವುಗಳ ಫಸಲನ್ನು ಹರಾಜು ಹಾಕಿದರೆ ಆದಾಯ ಬರುತ್ತಿತ್ತು. ಆಲ, ಅರಳಿ, ಗೋಣಿ, ಬಸರಿಗಳಿಂದ ಬೇರೊಂದು ಲಾಭವಿತ್ತು. ಇವುಗಳ ಪ್ರತಿಯೊಂದು ಜಾತಿಯ ಪರಾಗಸ್ಪರ್ಶವೂ ಸಣ್ಣ ಕಡಜದ ಹುಳುಗಳನ್ನೇ ನಂಬಿದೆ. ಒಂದೇ ಜಾತಿಯ ಮರಗಳು ಬೇರೆ ಬೇರೆ ಕಾಲಗಳಲ್ಲಿ ಕಾಯಿಬಿಡುವುದರಿಂದ ಇತರ ಹಣ್ಣುಗಳಿಲ್ಲದ ತಿಂಗಳುಗಳಲ್ಲಿಯೂ ಕುಟ್ರಹಕ್ಕಿ, ಗೊರವಂಕ, ಪಿಕಳಾರ, ಬಾವಲಿ, ಅಳಿಲುಗಳಿಗೆ ಆಹಾರ ದೊರೆಯುತ್ತದೆ. ಅವು ಉದುರಿಸಿದ ಬೀಜವೇ ಕೋಟೆಗೋಡೆಯ ಬಿರುಕಿನಲ್ಲಿ ಮೊಳೆಯುತ್ತದೆ. ಅರಳಿಯ ಬುಡದಲ್ಲಿ ನಾಗರಕಲ್ಲನ್ನು ಪ್ರತಿಷ್ಠಿಸಿದ ಭಕ್ತಿಯು ಕೊಡಲಿಯಿಂದ ಮರವನ್ನು ಕಾಪಾಡಿತು. ಹೀಗೆ ಪೇಟೆಯ ನಡುವೆಯೇ ಹಕ್ಕಿಗಳಿಗೆ ನೆಲೆಯೂ, ಮುದುಕರಿಗೆ ಮಾತಿನ ಜಾಗವೂ ಉಳಿದುವು.

ನಡೆಯುವವನಿಗಾಗಿ ಮಾಡಿದ ದಾರಿ ಮುಂದೆ ವಾಹನದ ದಾರಿಯಾಯಿತು. ಇಂದು ಬೆಂಗಳೂರು–ಮಂಗಳೂರು ಹೆದ್ದಾರಿಯು ಚನ್ನರಾಯಪಟ್ಟಣ, ಹಾಸನಗಳ ಮೂಲಕ ಚತುಷ್ಪಥವಾಗಿ ಸಾಗಿದೆ. ರಸ್ತೆಯನ್ನು ಅಗಲಿಸುವಾಗ ಮೊದಲು ಅಡ್ಡಿಯಾಗಿ ಕಾಣುವುದು ಅಂಚಿನ ಮರವೇ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಅನುಮತಿ ಪಡೆದು ಕಡಿದ ಆಲಕ್ಕೆ ಬದಲಾಗಿ ನೆಟ್ಟ ಸಸಿ ಅದೇ ನೆರಳನ್ನು ಕೊಡಲು ದಶಕಗಳೇ ಬೇಕು. ಅಷ್ಟರಲ್ಲಿ ಒಂದು ತಲೆಮಾರು ಬಿಸಿಲಿನಲ್ಲಿಯೇ ನಡೆದಿರುತ್ತದೆ.

ಶಾಲೆಯ ಮಕ್ಕಳೂ ಸೊಪ್ಪು ಮಾರುವ ಹೆಂಗಸರೂ ಇಂದಿಗೂ ನಡೆದೇ ಹೋಗುತ್ತಾರೆ. ಆದುದರಿಂದ ಸಾಲುಮರವನ್ನು ಗತಕಾಲದ ಅವಶೇಷವೆನ್ನಲಾಗದು. ಪಾದಚಾರಿಗೆ ಹಿಂದಿನವರು ಒಪ್ಪಿಕೊಟ್ಟ ಹಕ್ಕೊಂದರ ದಾಖಲೆಯಾಗಿ ಅದನ್ನು ಓದಬೇಕು.