ಕಲ್ಲಿನ ಮೇಲೆ ಬಾರದ ನಾಯಿ

ಶಾಸನಗಳನ್ನು ಓದುವ ಹವ್ಯಾಸವುಳ್ಳವರಿಗೆ ಆತಕೂರಿನ ಕಲ್ಲು ಹೊಸತಲ್ಲ. ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆ ಊರಿನಲ್ಲಿ ದೊರೆತ ಈ ಕಲ್ಲನ್ನು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಕಾಲ ಶಕ ವರ್ಷ 872, ಎಂದರೆ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಅದಕ್ಕೆ ಮೆಚ್ಚಿ ಬೂತುಗನಿಗೆ ನಾಡುಗಳನ್ನು ಕೊಟ್ಟದ್ದು, ಬೂತುಗನು ತನ್ನ ಕಡೆಯ ವೀರನಾದ ಮಣಲೇರನಿಗೆ ಬೇಕಾದುದನ್ನು ಕೇಳೆಂದದ್ದು, ಇವೆಲ್ಲ ಅದರಲ್ಲಿವೆ. ಮಣಲೇರ ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಕೆಲಲೆ ನಾಡಿನ ಬೆಳ್ತೂರಿನ ಪಡುವಲ ದಿಕ್ಕಿನ ಗುಡ್ಡದಲ್ಲಿ ಆ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಚಲ್ಲೇಶ್ವರ ದೇವಾಲಯದ ಮುಂದೆ ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಅಲ್ಲಿಯ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದು ಕಟ್ಟಳೆಯನ್ನೂ ಬರೆಸಿದರು.

ನಮ್ಮ ಕಡೆಯವರು ಈ ಕಲ್ಲನ್ನು ಹಳೆಯ ಮೈಸೂರಿನವರ ಸೊತ್ತೆಂದು ಬಿಟ್ಟುಬಿಡುವುದುಂಟು. ಹಾಗೆ ಬಿಡುವುದು ಸರಿಯಲ್ಲ. ಬೂತುಗನಿಗೆ ಸಂದ ನಾಡುಗಳನ್ನು ಶಾಸನ ಹೆಸರಿಸುತ್ತದೆ: ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70. ಕಿಸುಕಾಡೆಂದರೆ ಹಿಂದೆ ಕಿಸುವೊಳಲೆನಿಸಿದ್ದ ಪಟ್ಟದಕಲ್ಲಿನ ಸುತ್ತಿನ ಸೀಮೆ, ಬಾದಾಮಿಯ ನೆರೆ. ಬಾಗೆನಾಡನ್ನು ವಿದ್ವಾಂಸರು ಬಾಗಡಗೆ, ಎಂದರೆ ನಮ್ಮ ಬಾಗಲಕೋಟೆಯ ನಾಡೆಂದು ಗುರುತಿಸಿದ್ದಾರೆ. ಕಾಳಿಯ ಹೆಸರು ಬಿದ್ದ ಕಲ್ಲಿನ ಮೇಲೆಯೇ ನಮ್ಮ ನೆಲದ ಹೆಸರೂ ಬಿದ್ದಿದೆ. ಇಳಕಲ್ಲಿನಲ್ಲಿ ಕುಳಿತು ಆ ನಾಯಿಯ ವಿಚಾರ ಮಾಡಲು ನನಗೆ ಇಷ್ಟು ಅಧಿಕಾರ ಸಾಕು.

ನಾನು ಮಾಡುವ ವಿಚಾರ ಇದು. ಆ ದಿನ ಕಾಳಿ ಹಂದಿಯ ಕೋರೆಯಿಂದ ತಪ್ಪಿಸಿಕೊಂಡು ಬದುಕಿದ್ದರೆ? ಹತ್ತು ಹನ್ನೆರಡು ವರ್ಷವಾಗಿ, ಬೆನ್ನು ಬಿಗಿದು, ಹಿಂಗಾಲು ಸೋತು, ಮಣಲೇರನ ಹಿತ್ತಿಲಲ್ಲಿ ಬಿದ್ದುಕೊಂಡಿದ್ದರೆ ಅದಕ್ಕೆ ಕಲ್ಲು ನಿಲ್ಲುತ್ತಿರಲಿಲ್ಲ. ಎದ್ದು ನಿಲ್ಲಲಾರದ ನಾಯಿಯನ್ನು ಎತ್ತಿ ನಿಲ್ಲಿಸಿದವನ ಹೆಸರಂತೂ ಯಾವ ಕಲ್ಲಿನಲ್ಲೂ ಬರುತ್ತಿರಲಿಲ್ಲ.

ಪುಸ್ತಕದಲ್ಲಿಯೂ ನಾಯಿಯ ಪಾಲು ಸಣ್ಣದೇ. ದನಗಳಿಗೆ ಕೀರ್ತಿವರ್ಮನ ‘ಗೋವೈದ್ಯ’ವಿದೆ, ಕುದುರೆಗೆ ಅಭಿನವಚಂದ್ರನ ‘ಅಶ್ವವೈದ್ಯ’ವಿದೆ, ಆನೆಗೆ ಸಂಸ್ಕೃತದಲ್ಲಿ ಪಾಲಕಾಪ್ಯನ ದೊಡ್ಡ ಗ್ರಂಥವೇ ಇದೆ. ಉಳುವುದು, ಹೊರುವುದು, ಯುದ್ಧಕ್ಕೆ ಹೋಗುವುದು ವೈದ್ಯಕ್ಕೆ ಯೋಗ್ಯವೆನಿಸಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ನಾಯಿಗೆ ಸ್ಥಾನ ಕೊಟ್ಟಿದ್ದಾನೆ, ಆದರೆ ಯಾವ ಸಾಲಿನಲ್ಲಿ? ಕೋಳಿಯ ಕಾಳಗ, ಟಗರಿನ ಕಾಳಗಗಳ ಸಾಲಿನಲ್ಲಿ, ‘ಸಾರಮೇಯ ವಿನೋದ’ವೆಂದು. ಅರಸರ ವಿನೋದ ಮುಗಿದ ಮೇಲೆ ನಾಯಿಯ ಗತಿಯೇನೆಂಬುದು ಆ ಪುಸ್ತಕದ ಉದ್ದೇಶವಾಗಿರಲಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿದ್ದು ನಾಯಿಯ ಮಾತೆತ್ತಿದ ಮೇಲೆ ಮುಧೋಳವನ್ನು ಬಿಡುವಂತಿಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿಯಿದ್ದ ಬೇಟೆನಾಯಿಗಳ ಗುಣವನ್ನು ಗುರುತಿಸಿ ತಳಿಯನ್ನು ಬೆಳೆಸಿದರು, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು ಎಂಬ ಕಥೆಯನ್ನು ಇಲ್ಲಿಯ ಹುಡುಗರೂ ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರದ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್‌ಗೆ ಹೋದವು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದವರು ಈ ತಳಿಗಾಗಿ ಕೇಂದ್ರವನ್ನೇ ನಡೆಸುತ್ತಿದ್ದಾರೆ. ಇವೆಲ್ಲ ಅಭಿಮಾನದ ಸಂಗತಿಗಳೇ. ಆದರೆ ಚೀಟಿಯ ಮೇಲಿನ ನಾಯಿಗೂ ಮುಪ್ಪು ಬರುತ್ತದೆ. ಓಡುವುದಕ್ಕೆಂದೇ ಮಾಡಿದ ಮೈ ಅದು: ಆಳವಾದ ಎದೆ, ಸಣ್ಣ ನಡು, ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುವ ಬೆನ್ನು. ಆ ಬೆನ್ನು ಬಾಗುವುದನ್ನು ಬಿಟ್ಟ ದಿನ ಅದಕ್ಕೆ ಉಳಿಯುವುದೇನು?

ನಮ್ಮ ಮನೆಯ ಮೋತ್ಯಾ ಇದೇ ಜಾತಿಯದು. ಈಗ ಹನ್ನೆರಡು ತುಂಬಿದೆ. ಮೊದಲು ಕಂಡದ್ದಲ್ಲ, ಕೇಳಿದ್ದು: ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಕೆರೆಯುವ ಸಪ್ಪಳ. ಪಾದ ಪೂರ್ತಿ ಏಳುತ್ತಿರಲಿಲ್ಲ. ಪಶುವೈದ್ಯರು ಅದರ ಪಾದವನ್ನು ಮಡಿಚಿ, ಬೆರಳ ಬೆನ್ನು ನೆಲಕ್ಕೆ ಬರುವಂತೆ ಇಟ್ಟು ನೋಡಿದರು. ನಾಯಿ ಅದನ್ನು ತಿರುಗಿಸಿ ಇಡಲು ಬಹಳ ಹೊತ್ತು ಮಾಡಿತು. ಕಾಲಿನದಲ್ಲ, ಬೆನ್ನಿನದು ಎಂದರು. ಬೆನ್ನಿನ ಮಣಿಗಳ ನಡುವೆ ಮೆತ್ತೆಯಂತಿರುವ ಬಿಲ್ಲೆಗಳು ಸವೆದು, ಉಬ್ಬಿ, ನರದ ಹುರಿಯನ್ನು ಒತ್ತುತ್ತವೆ. ಸ್ವೀಡನ್ನಿನ ಹಾನ್ಸೆನ್ ಎಂಬ ಪಶುವೈದ್ಯ 1950ರ ದಶಕದ ಆರಂಭದಲ್ಲಿಯೇ ಇದರಲ್ಲಿ ಎರಡು ಬಗೆಯನ್ನು ತೋರಿಸಿದ. ಗಿಡ್ಡಗಾಲಿನ ಜಾತಿಗಳಲ್ಲಿ ಎಳೆಯ ಪ್ರಾಯದಲ್ಲೇ ಬಿಲ್ಲೆ ಒಡೆದು ಒಮ್ಮೆಗೇ ಕಾಲು ಬೀಳುವುದು ಒಂದು. ದೊಡ್ಡ ಜಾತಿಗಳಲ್ಲಿ ವಯಸ್ಸಾದ ಮೇಲೆ ತಿಂಗಳುಗಟ್ಟಲೆ ಮೆಲ್ಲಗೆ ಒತ್ತುತ್ತ ಬರುವುದು ಇನ್ನೊಂದು. ನಮ್ಮದು ಎರಡನೆಯದು.

ಇಳಕಲ್ಲಿನ ಕೆಂಪು ಗ್ರಾನೈಟ್ ದೇಶಾಂತರಕ್ಕೆ ಹೋಗುವ ಕಲ್ಲು. ಕನ್ನಡಿಯಂತೆ ಹೊಳೆಯುವ ಆ ನೆಲ ಮುದಿನಾಯಿಗೆ ವೈರಿ. ಹಿಂಗಾಲು ಎರಡು ಕಡೆಗೆ ಜಾರಿದರೆ ತಾನಾಗಿ ಕೂಡಿಸಿಕೊಳ್ಳಲಾರದು. ಪಡಸಾಲೆಯಿಂದ ಹಿತ್ತಿಲ ಬಾಗಿಲವರೆಗೆ ಗೋಣಿತಟ್ಟು ಹಾಸಿದೆವು; ಮನೆ ಅಡತಿ ಅಂಗಡಿಯಂತೆ ಕಾಣುತ್ತದೆ, ಕಾಣಲಿ. ಮನೆಯವರು ತಮ್ಮ ಹಳೆಯ ಇಳಕಲ್ ಸೀರೆಯೊಂದನ್ನು ಕೊಟ್ಟರು. ಅದನ್ನು ನಾಲ್ಕು ಮಡಿಕೆ ಮಾಡಿ, ಹಿಂಗಾಲುಗಳ ಮುಂದೆ ಹೊಟ್ಟೆಯ ಕೆಳಗಿಂದ ಜೋಲಿಯಂತೆ ಹಾಯಿಸಿ, ಎರಡು ತುದಿಯನ್ನೂ ಮೇಲೆ ಹಿಡಿದುಕೊಂಡರೆ ಸೊಂಟದ ಭಾರ ನನ್ನ ಕೈಗೆ ಬರುತ್ತದೆ. ಮುಂಗಾಲು ಅದರದು, ಹಿಂಗಾಲು ನನ್ನದು. ಹೀಗೆ ದಿನಕ್ಕೆ ನಾಲ್ಕು ಸಲ ಹಿತ್ತಿಲಿಗೆ ಹೋಗುತ್ತೇವೆ. ಮಲಗಲು ಎರಡು ಕೌದಿ ಬೇಕೇಬೇಕು. ಈ ಜಾತಿಗೆ ಮೈಮೇಲೆ ಮಾಂಸ ಕಡಿಮೆ. ಚಪ್ಪೆಯ ಎಲುಬು, ಮೊಣಕೈ ನೆಲಕ್ಕೆ ಒತ್ತಿ ಹುಣ್ಣಾಗುತ್ತವೆ. ಆದ್ದರಿಂದ ಮೂರು ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಉಚ್ಚೆಯಲ್ಲಿ ತೊಯ್ದ ಕೌದಿಯನ್ನು ಕೂಡಲೆ ತೆಗೆಯಬೇಕು.

ರೊಟ್ಟಿ, ನುಚ್ಚು, ಹಾಲು ಮೊದಲಿನವೇ, ಅಳತೆ ಮಾತ್ರ ಕಡಿಮೆ. ಕನಿಕರದಿಂದ ಹೆಚ್ಚು ಉಣಿಸುವುದು ಸೋತ ಕಾಲಿಗೆ ಹೊರೆ ಹೊರಿಸಿದಂತೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಹುಟ್ಟಿನಿಂದ ಸಾವಿನವರೆಗೆ ನೋಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲುಭಾಗ ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದ್ದವು. ಅವುಗಳ ಕೀಲುಬೇನೆಯೂ ತಡವಾಗಿ ಬಂದಿತ್ತು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ನಮ್ಮ ನೋವಿನ ಗುಳಿಗೆಗಳನ್ನು, ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೇನ್ ಆಗಲಿ, ನಾಯಿಗೆ ಕೊಡಬಾರದು. ಅವು ಯಕೃತ್ತನ್ನೋ ಜಠರ, ಮೂತ್ರಪಿಂಡಗಳನ್ನೋ ಕೆಡಿಸಿ ಕೊಲ್ಲಬಲ್ಲವು.

‘ಇನ್ನೂ ಯಾಕ ಇಟ್ಕೊಂಡ್ ಕುಂತೀರಿ ಮಾಸ್ತರ? ಹುನಗುಂದದ ಆಚೆ ಎಲ್ಲಾರ ಬಿಟ್ಟು ಬರ್ರಿ’ ಎಂದರು ಓಣಿಯ ಹಿರಿಯರೊಬ್ಬರು. ಅವರದು ಕೆಟ್ಟ ಮನಸ್ಸಲ್ಲ. ನನ್ನ ನಿದ್ದೆಗೇಡು ನೋಡಿ ಹೇಳಿದ ಮಾತು. ಆದರೆ ರುಕ್ಮಿಣಿದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಹಟ ಹಿಡಿದುದರ ಫಲವಾಗಿ 1960ರಲ್ಲಿ ಬಂದ ಪ್ರಾಣಿಹಿಂಸೆ ತಡೆ ಕಾನೂನು, ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದನ್ನು ಹಿಂಸೆಯೆಂದೇ ಎಣಿಸುತ್ತದೆ. ನೋವು ತಡೆಯಲಾಗದ ಸ್ಥಿತಿಯಲ್ಲಿ ವೈದ್ಯರ ಕೈಯಿಂದ ಶಾಂತವಾಗಿ ಪ್ರಾಣ ಬಿಡಿಸುವ ದಾರಿಯಿದೆ. ಆ ಮಾತು ನಮ್ಮಲ್ಲಿಯೂ ಒಂದು ಸಲ ಬಂದಿತು. ಮೋತ್ಯಾ ಇನ್ನೂ ಬಾಗಿಲ ಸಪ್ಪಳಕ್ಕೆ ಕಿವಿ ಎತ್ತುತ್ತದೆ, ಊಟದ ತಾಟು ಕಂಡರೆ ಬಾಲ ಅಲ್ಲಾಡಿಸುತ್ತದೆ. ಸದ್ಯಕ್ಕೆ ಬೇಡವೆಂದು ವೈದ್ಯರೂ ಹೇಳಿದ್ದಾರೆ. ಮುಂದೆ ಬೇಕಾದೀತು. ಆ ಲೆಕ್ಕವನ್ನು ವಾರಕ್ಕೊಮ್ಮೆ ಮಾಡುತ್ತಲೇ ಇದ್ದೇವೆ.

ಇಂಥ ಆರೈಕೆಗೆ ಚರಿತ್ರೆಯಲ್ಲಿ ಗುರುತೇ ಇಲ್ಲವೆ? ಕಲ್ಲಿನಲ್ಲಿ ಇಲ್ಲದಿದ್ದುದು ಎಲುಬಿನಲ್ಲಿದೆ. ಜರ್ಮನಿಯ ಬಾನ್ ಹತ್ತಿರ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ಇಬ್ಬರು ಮನುಷ್ಯರ ಜೊತೆಗೆ ಹೂಳಿದ್ದ ಮರಿಯೊಂದರ ಎಲುಬು ಸಿಕ್ಕಿತು. ಅದು ಸುಮಾರು 14,000 ವರ್ಷ ಹಿಂದಿನದು. ಅದರ ಹಲ್ಲುಗಳ ಮೇಲಿನ ಗುರುತು ನೋಡಿದವರು, ಅದಕ್ಕೆ ಡಿಸ್ಟೆಂಪರ್ ರೋಗ ಬಂದಿತ್ತು, ಮನುಷ್ಯರ ಆರೈಕೆಯಿಂದಲೇ ಅದು ಕೆಲವು ವಾರ ಬದುಕಿದ್ದಿರಬೇಕು ಎಂದು 2018ರಲ್ಲಿ ಬರೆದರು. ಇದಕ್ಕಿಂತ ನನಗೆ ಹತ್ತಿರವಾದದ್ದು ಆಫ್ರಿಕದ ಕಾರ್ಥೇಜಿನ ನಾಯಿ. ಅಲ್ಲಿಯ ಯಾಸ್ಮಿನಾ ಎಂಬ ರೋಮನ್ ಕಾಲದ ಸ್ಮಶಾನದಲ್ಲಿ, ಮನುಷ್ಯನೊಬ್ಬನ ಸಮಾಧಿಯಲ್ಲಿ, ಅವನ ಪಾದದ ಬಳಿ ಹೂಳಿದ ಪುಟ್ಟ ನಾಯಿ ಅದು. ಕೀಲುಗಳೆಲ್ಲ ಬೇನೆಯಿಂದ ಕೆಟ್ಟಿದ್ದವು, ಚಪ್ಪೆಯ ಕೀಲು ತಪ್ಪಿತ್ತು, ಬೆನ್ನೆಲುಬು ಸೊಟ್ಟಗಾಗಿತ್ತು, ಬಹಳಷ್ಟು ಹಲ್ಲು ಉದುರಿದ್ದವು. ನಡೆಯಲಾರದ, ಅಗಿಯಲಾರದ ಆ ನಾಯಿಗೆ ಯಾರೋ ಮೆತ್ತನೆಯ ಊಟ ಕೊಟ್ಟು ಸಾಕಿದ್ದರು. ಹೂಳುವಾಗ ಹೆಗಲ ಹಿಂದೆ ಗಾಜಿನ ಬಟ್ಟಲೊಂದನ್ನು ಇಟ್ಟಿದ್ದರು. ಸಾಕಿದವರ ಹೆಸರು ಎಲ್ಲಿಯೂ ಬರೆದಿಲ್ಲ. ಬೂತುಗನ ಹೆಸರಿನಷ್ಟೇ ಖಚಿತವಾದ ದಾಖಲೆಯೆಂದು ನಾನು ಅದನ್ನು ಎಣಿಸುತ್ತೇನೆ.

ಕಳೆದ ಮಾಗಿಯಲ್ಲಿ ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವ ದಾರಿಯಲ್ಲಿ ಕುರಿ ಹಿಂಡೊಂದು ಎದುರಾಯಿತು. ಹಿಂದೆ ಒಂದು ಬಡಕಲು ಕುದುರೆ. ಅದರ ಬೆನ್ನಿನ ಮೇಲೆ ಪಾತ್ರೆ, ಕಂಬಳಿ, ಜೋಳಿಗೆಯಲ್ಲಿ ಎರಡು ಎಳೆಯ ಮರಿ. ಮರಿಗಳ ನಡುವೆ ಹಣೆ ನರೆತ ಒಂದು ನಾಯಿಯ ತಲೆ.

‘ಇದಕ್ಕೇನಾಗೈತಿ, ಅಜ್ಜಾ?’ ಎಂದೆ.

‘ಸೊಂಟ ಹೋಗೈತ್ರಿ. ಹ್ವಾದ ಸುಗ್ಗಿಯಿಂದ ಹಿಂಗ.’

‘ದಿನಾ ಹೊತ್ಕೊಂಡ್ ಹೊಕ್ಕೀರಿ?’

‘ಬಿಟ್ಟು ಬಂದ್ರ ಮರಿ ಮಲಗಂಗಿಲ್ರೀ. ಅವಕ್ಕ ಇದರ ವಾಸನಿ ಬೇಕು’ ಎಂದು, ಜೋಳಿಗೆಯ ಬಾಯನ್ನು ಸ್ವಲ್ಪ ಸಡಿಲಿಸಿ, ಹೊತ್ತು ಮುಳುಗುವ ಮೊದಲು ಮಲಪ್ರಭೆಯ ದಂಡೆ ಸೇರಬೇಕೆಂದು ಅವರು ಕುದುರೆಯನ್ನು ಹೊಡೆದುಕೊಂಡು ಮುಂದೆ ಹೋದರು.