ಬೇಸಿಗೆಯಲ್ಲಿ ಮೇಲೇಳುವ ಊರು



ಗೋವಾ ಎಂದೊಡನೆ ದೂರದವರಿಗೆ ಕಡಲು ನೆನಪಾಗುತ್ತದೆ. ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವ ಗಡಿಯ ಜನರಾದ ನಮಗೆ ನೆನಪಾಗುವ ಗೋವಾ ಬೇರೆ. ಅದು ಘಟ್ಟದ ಬುಡದ ಕಾಡು, ಅಡಿಕೆ ತೋಟ, ಹೊಳೆ. ಆ ಗೋವಾದ ಸಾಂಗೆ ತಾಲೂಕಿನಲ್ಲಿರುವ ಸಾಳಾವಳಿ ಜಲಾಶಯದ ಕಥೆಯನ್ನು ಇಂದು ಕೇಳೋಣ.

ಸಾಳಾವಳಿ ಜುವಾರಿಯ ಉಪನದಿ. 1970ರ ದಶಕದಲ್ಲಿ ಇದಕ್ಕೆ ಅಣೆಕಟ್ಟಿನ ಕೆಲಸ ಶುರುವಾಯಿತು. ಒಂದು ಕಿಲೋಮೀಟರಿನಷ್ಟು ಉದ್ದ, ಸುಮಾರು 43 ಮೀಟರ್ ಎತ್ತರದ ಮಣ್ಣಿನ ಕಟ್ಟೆ. ಕೆರೆ ತುಂಬಿದಾಗ ಬಾತುಕೋಳಿಯ ಕೊಕ್ಕಿನ ಆಕಾರದ ಕೋಡಿಯಲ್ಲಿ ನೀರು ಸುತ್ತಲಿಂದಲೂ ಒಳಕ್ಕೆ ಧುಮ್ಮಿಕ್ಕುತ್ತದೆ. ಮಳೆಗಾಲದಲ್ಲಿ ಅದನ್ನು ನೋಡಲು ಜನ ಸೇರುತ್ತಾರೆ. ಪಕ್ಕದಲ್ಲೇ ಸಸ್ಯೋದ್ಯಾನವೂ ಇದೆ. ದಕ್ಷಿಣ ಗೋವಾದ ಬಹುಭಾಗ ಕುಡಿಯುವುದು ಈ ನೀರನ್ನೇ.

ಆದರೆ ಈ ನೀರಿನ ತಳದಲ್ಲಿ ಕುರ್ಡಿ ಎಂಬ ಊರಿದೆ. ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಕೂಡಿ ಬಾಳಿದ, ಭತ್ತದ ಗದ್ದೆಗಳ ಊರು. 1904ರಲ್ಲಿ ಹಿಂದುಸ್ತಾನಿ ಗಾಯಕಿ ಮೋಗೂಬಾಯಿ ಹುಟ್ಟಿದ್ದು ಇಲ್ಲೇ. ಅವರ ಹೆಸರಿನ ಜೊತೆಗಿರುವ 'ಕುರ್ಡೀಕರ್' ಈ ಊರಿನದೇ. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಸ್ವತಃ ಊರಿಗೆ ಬಂದು, ಅಣೆಕಟ್ಟಿನಿಂದ ನಾಡಿಗೆಲ್ಲ ಒಳಿತೆಂದು ಜನರನ್ನು ಒಪ್ಪಿಸಿದರು. 1980ರ ದಶಕದಲ್ಲಿ ಆರುನೂರಕ್ಕೂ ಹೆಚ್ಚು ಕುಟುಂಬಗಳು ಗಂಟುಮೂಟೆ ಕಟ್ಟಿದವು. ವಾಡ್ಡೆಂ, ವಾಲ್ಕಿಣಿಗಳಲ್ಲಿ ಅವರಿಗೆ ನಿವೇಶನ ಸಿಕ್ಕಿತು. 1986ರ ಹೊತ್ತಿಗೆ ಕುರ್ಡಿ ಮುಳುಗಿತು. ಅಲ್ಲಿನ ಪುರಾತನ ಮಹಾದೇವ ದೇಗುಲವನ್ನು ಮಾತ್ರ ಕಲ್ಲುಕಲ್ಲಾಗಿ ಬಿಚ್ಚಿ, ಅಣೆಕಟ್ಟಿನ ಸಮೀಪ ಮತ್ತೆ ಜೋಡಿಸಿದರು. ದೇಗುಲದ ಕಲ್ಲಿಗೆ ಸಂಖ್ಯೆ ಬರೆದು ಸಾಗಿಸಬಹುದು. ಗದ್ದೆಯನ್ನು ಹಾಗೆ ಹೊತ್ತೊಯ್ಯಲಾದೀತೇ?

ನೋಡಿ, ನೀರು ಕೊಟ್ಟವರಿಗೇ ನೀರಿಲ್ಲದ ಕಾಲವೂ ಬಂತು. ವಾಡ್ಡೆಂನಲ್ಲಿ ಬೇಸಿಗೆಗೆ ಬಾವಿ ಬತ್ತಿ, ಜನ ಸರ್ಕಾರದ ಟ್ಯಾಂಕರಿಗೆ ಕಾಯುತ್ತಿದ್ದರೆಂದು 2019ರಲ್ಲಿ ವರದಿಯಾಯಿತು.

ಮೇ ತಿಂಗಳಲ್ಲಿ ನೀರಿಳಿದಾಗ ಕುರ್ಡಿ ಮೇಲೇಳುತ್ತದೆ. ಒಡೆದ ಗೋಡೆ, ಮನೆಯ ಅಡಿಪಾಯ, ಬೋಳು ಮರದ ಬೊಡ್ಡೆ ಕಾಣುತ್ತವೆ. ಚದುರಿದ ಕುಟುಂಬಗಳು ಬಂದು ಸೋಮೇಶ್ವರನ ಗುಡಿಯಲ್ಲಿ ಉತ್ಸವ ನಡೆಸುತ್ತವೆ. ಕ್ರೈಸ್ತರು ತಮ್ಮ ಪ್ರಾರ್ಥನಾಲಯದ ಹಬ್ಬ ಮಾಡುತ್ತಾರೆ. ಮಳೆ ಹಿಡಿದರೆ ಊರು ಮತ್ತೆ ನೀರಿನೊಳಗೆ.

ಈ ಕಥೆ ನಮಗೆ ಹೊಸದೇನಲ್ಲ. ಘಟ್ಟದ ಮೇಲೆ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಸೂಪಾ ಊರು ಇದೇ ದಶಕದಲ್ಲಿ ಮುಳುಗಿತು. ಅಲ್ಲಿಂದ ಎದ್ದವರು ರಾಮನಗರದಲ್ಲಿ ನೆಲೆಸಿದರು. ಒಂದೆಡೆ ಕುಡಿಯುವ ನೀರು, ಇನ್ನೊಂದೆಡೆ ವಿದ್ಯುತ್ತು. ಬಿಟ್ಟುಕೊಟ್ಟದ್ದು ಮಾತ್ರ ಎರಡೂ ಕಡೆ ಊರೇ.

ಕೆರೆಯ ಬೆನ್ನಿಗಿರುವ ಕಾಡಿನದೂ ಒಂದು ಚರಿತ್ರೆ. 1999ರಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಕಾಲದಲ್ಲಿ, ರಾಜ್ಯಪಾಲ ಜೇಕಬ್ ಅವರು ನೇತ್ರಾವಳಿಯ 211 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯವೆಂದು ಘೋಷಿಸಿದರು. ಅಲ್ಲಿ ಸಾವರಿ, ಮೈನಾಪಿ ಜಲಪಾತಗಳಿಗೆ ಕಾಲುದಾರಿಗಳಿವೆ. ಗೋಪೀನಾಥ ದೇವಾಲಯದ ಕೊಳದಲ್ಲಿ ತಳದಿಂದ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಕಾಟಿ, ಕರಿಚಿರತೆ, ಮಂಗಟ್ಟೆ ಹಕ್ಕಿಗಳು ಇಲ್ಲಿಯವು. ಈ ಕಾಡು ನಮ್ಮ ಅಣಶಿಯ ಕಾಡಿಗೆ ಒತ್ತಿಕೊಂಡಿದೆ. ಹುಲಿಗೆ ರಾಜ್ಯದ ಗಡಿ ತಿಳಿಯದು. ಇದೂ ಸೇರಿದಂತೆ ಗೋವಾದ ಕಾಡುಗಳನ್ನು ಹುಲಿ ಸಂರಕ್ಷಿತ ಪ್ರದೇಶವಾಗಿಸಲು 2023ರಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಆದೇಶಿಸಿತು. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕಾಡೊಳಗಿನ ಹಳ್ಳಿಯವರು ಮತ್ತೆ ಎಬ್ಬಿಸುತ್ತಾರೇನೋ ಎಂದು ಅಂಜಿದರೆ, ಕುರ್ಡಿಯನ್ನು ಕಂಡವರು ಅದನ್ನು ಸುಳ್ಳು ಭಯವೆನ್ನಲಾರರು. ಕಾಡು ಉಳಿಯಬೇಕು, ನಿಜ. ಆದರೆ ಕಾಡಿನವರಿಗೆ ಕೊಟ್ಟ ಮಾತೂ ಉಳಿಯಬೇಕು.

ನೀವು ಆ ಕಡೆ ಹೋದರೆ ಕೋಡಿಯನ್ನು ನೋಡಿ, ಜಲಪಾತವನ್ನೂ ನೋಡಿ. ಬೇಸಿಗೆಯಾದರೆ ಕುರ್ಡಿಗೂ ಹೋಗಿ. ಅಲ್ಲಿನ ಅಡಿಪಾಯಗಳ ಮೇಲೆ ಕಾಲಿಡುವಾಗ ತುಸು ನಿಧಾನವಾಗಿ ನಡೆಯಿರಿ. ಅವು ಒಬ್ಬೊಬ್ಬರ ಮನೆ.