ಎದೆಗೆ ಪೆಟ್ಟು: ಎಷ್ಟು ರಕ್ತ ಬೇಕಾದೀತು?

ಬೆಂಗಳೂರು–ಪುಣೆ ಹೆದ್ದಾರಿ ತುಮಕೂರಿನ ಮಗ್ಗುಲಲ್ಲೇ ಹಾದುಹೋಗುತ್ತದೆ, ಮಂಗಳೂರು ಹೆದ್ದಾರಿ ಕುಣಿಗಲ್ ಬಳಿ. ಬೈಕ್ ಹ್ಯಾಂಡಲ್, ಲಾರಿಯ ಸ್ಟೇರಿಂಗ್ ಎದೆಗೆ ಬಡಿದವರು, ತೆಂಗಿನ ಮರದಿಂದ ಬಿದ್ದವರು ಮೊದಲು ಬರುವುದು ತಾಲ್ಲೂಕು ಆಸ್ಪತ್ರೆಗೆ. ರಕ್ತನಿಧಿಗಳಿರುವುದು ಹೆಚ್ಚಾಗಿ ಜಿಲ್ಲಾ ಕೇಂದ್ರದಲ್ಲಿ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ 35 ಕಿ.ಮೀ.ಗೂ ಹೆಚ್ಚು. ಹಾಗಾಗಿ ಯಾರಿಗೆ ರಕ್ತ ಬೇಕಾದೀತೆಂದು ಮೊದಲೇ ಅಂದಾಜು ಮಾಡುವುದು ಇಲ್ಲಿ ಜೀವ ಉಳಿಸುವ ಮಾತು. ಈ ಅಂದಾಜಿನ ಶಾಸ್ತ್ರ ಅರ್ಧ ಶತಮಾನದಲ್ಲಿ ಬೆಳೆದುಬಂದಿದೆ.

ಮುರಿದ ಪಕ್ಕೆಲುಬು ರಕ್ತನಾಳವನ್ನು ಸೀಳಿದರೆ ರಕ್ತ ಹೊರಗೆ ಕಾಣದು. ವಯಸ್ಕರ ಮೈಯಲ್ಲಿರುವುದು ಸುಮಾರು 5 ಲೀಟರ್. ಅದರಲ್ಲಿ ಒಂದೂವರೆ ಲೀಟರ್, ಅಂದರೆ ಶೇ 30ರಷ್ಟು, ಹೋಗುವವರೆಗೂ ಬಿ.ಪಿ. ಹೆಚ್ಚು ಇಳಿಯದೆ ಇರಬಹುದು. ಅಷ್ಟು ರಕ್ತ ಎದೆಗೂಡಿನ ಒಂದೇ ಪಕ್ಕದಲ್ಲಿ ಅಡಗಬಲ್ಲದು. ಆರಂಭದ ಹಿಮೋಗ್ಲೋಬಿನ್ ಪರೀಕ್ಷೆಯೂ ಸರಿಯಾಗಿಯೇ ಕಾಣಬಹುದು.

ಈ ಮೋಸವನ್ನು ಬಯಲಿಗೆಳೆದ ಸರಳ ಲೆಕ್ಕ 1967ರದು. ಆಲ್‌ಗೋವರ್ ಮತ್ತು ಬುರಿ ನಾಡಿಬಡಿತವನ್ನು ಮೇಲಿನ ಬಿ.ಪಿ.ಯಿಂದ ಭಾಗಿಸಿ ‘ಶಾಕ್ ಇಂಡೆಕ್ಸ್’ ಎಂದರು. ಆರೋಗ್ಯವಂತರಲ್ಲಿ ಅದು 0.5ರಿಂದ 0.7. ನಾಡಿ 110, ಬಿ.ಪಿ. 110 ಇದ್ದರೆ ಒತ್ತಡ ಚೆನ್ನಾಗಿಯೇ ಇದೆ ಅನಿಸುತ್ತದೆ, ಆದರೆ ಭಾಗಲಬ್ಧ 1. ಅದು ಎಚ್ಚರಿಕೆಯ ಗಂಟೆ.

1978ರಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಶುರುವಾದ, ಗಾಯಾಳುಗಳ ತುರ್ತು ಚಿಕಿತ್ಸೆ ಕಲಿಸುವ ಎ.ಟಿ.ಎಲ್.ಎಸ್. ತರಬೇತಿ ಎದೆಗೆ ಬೇರೆಯೇ ಅಳತೆಯನ್ನು ಬಳಕೆಗೆ ತಂದಿತು: ಎದೆಗೆ ನಳಿಕೆ ಹಾಕಿದೊಡನೆ 1,500 ಮಿ.ಲೀ. ರಕ್ತ ಬಂದರೆ, ಅಥವಾ ಎರಡರಿಂದ ನಾಲ್ಕು ಗಂಟೆ ಕಾಲ ಗಂಟೆಗೆ 200 ಮಿ.ಲೀ. ಸುರಿದರೆ ಶಸ್ತ್ರಚಿಕಿತ್ಸೆಯ ಯೋಚನೆ. ಆದರೆ ನಳಿಕೆ ಹಾಕಿದ ಮೇಲಷ್ಟೇ ಈ ಅಳತೆ ಸಿಗುತ್ತದೆ.

ಮುಂದಿನದು ರಕ್ತದ ಅಗತ್ಯವನ್ನು ಊಹಿಸುವ ಸ್ಕೋರ್‌ಗಳ ಕಾಲ. 2006ರಲ್ಲಿ ಜರ್ಮನಿಯ ಗಾಯಾಳುಗಳ ದಾಖಲೆಯಿಂದ ‘ಟ್ಯಾಶ್’ ಹುಟ್ಟಿತು; ಅದಕ್ಕೆ ಏಳು ಅಂಶ ಬೇಕು, ರಕ್ತ ಪರೀಕ್ಷೆಯೂ ಬೇಕು. 2009ರ ‘ಎ.ಬಿ.ಸಿ.’ ಸ್ಕೋರ್‌ಗೆ ಲ್ಯಾಬ್ ಬೇಡ: ನಾಡಿ 120 ಅಥವಾ ಹೆಚ್ಚು, ಬಿ.ಪಿ. 90 ಅಥವಾ ಕಡಿಮೆ, ಇರಿತ ಅಥವಾ ಗುಂಡಿನ ಗಾಯ, ಸ್ಕ್ಯಾನ್‌ನಲ್ಲಿ ಹೊಟ್ಟೆಯೊಳಗೆ ರಕ್ತ. ನಾಲ್ಕರಲ್ಲಿ ಎರಡಿದ್ದರೆ ಭಾರೀ ರಕ್ತಪೂರಣಕ್ಕೆ ಸಿದ್ಧತೆ.

ಎದೆಗೆ ಪೆಟ್ಟಾದವರ ವಿಷಯದಲ್ಲಿ ಇವು ಎಡವುವುದು ಇಲ್ಲಿಯೇ. ಹೆದ್ದಾರಿ ಅಪಘಾತದಲ್ಲಿ ಇರಿತದ ಅಂಕ ಬಹುತೇಕ ಸಿಗದು. ಎರಡೂ ಸ್ಕೋರ್‌ಗಳು ಹೊಟ್ಟೆಯ ರಕ್ತವನ್ನು ಎಣಿಸುತ್ತವೆ, ಪಕ್ಕೆಯೊಳಗಿನದನ್ನಲ್ಲ. 2000ದಲ್ಲೇ ಎದೆಗೆಂದು ಒಂದು ಸ್ಕೋರ್ ಬಂದಿತ್ತು. ಅದು ಶ್ವಾಸಕೋಶದ ತೊಡಕನ್ನು ಊಹಿಸಲು ಮಾಡಿದ್ದು, ರಕ್ತದ ಅಗತ್ಯವನ್ನಲ್ಲ. ಎದೆಯೊಳಗೆ ಗಾಳಿ ತುಂಬಿ ಒತ್ತಿದರೂ ಬಿ.ಪಿ. ಕುಸಿಯುತ್ತದೆ, ಹೃದಯದ ಕೆಲವು ಮಾತ್ರೆ ನುಂಗುವ ಹಿರಿಯರ ನಾಡಿ ಏರುವುದೇ ಇಲ್ಲ. ಹೀಗಾಗಿ ಶಾಕ್ ಇಂಡೆಕ್ಸ್‌ನ ಜೊತೆಗೆ ಎದೆಯ ಅಲ್ಟ್ರಾಸೌಂಡ್ ಕೂಡ ಇರಲೇಬೇಕು.

ಭಾರೀ ರಕ್ತಪೂರಣ ಎಂಬುದರ ಅರ್ಥವೂ ಬದಲಾಯಿತು. ಹಿಂದೆ 24 ಗಂಟೆಯಲ್ಲಿ 10 ಯೂನಿಟ್ ಎನ್ನುತ್ತಿದ್ದರು. ಎರಡು ಗಂಟೆಯಲ್ಲಿ ಸತ್ತವರು ಆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. 2013ರಲ್ಲಿ ಒಂದು ಗಂಟೆಯಲ್ಲಿ 3 ಯೂನಿಟ್ ಎಂಬ ಗಡಿ ಬಂತು. ಅದಕ್ಕೂ ಮುನ್ನ, 2010ರಲ್ಲಿ, ಭಾರತವೂ ಸೇರಿ 40 ದೇಶಗಳ ಇಪ್ಪತ್ತು ಸಾವಿರ ಗಾಯಾಳುಗಳ ‘ಕ್ರ್ಯಾಶ್-2’ ಅಧ್ಯಯನ ರಕ್ತಸ್ರಾವ ತಡೆಯುವ ಔಷಧ ಟ್ರಾನೆಕ್ಸಾಮಿಕ್ ಆಮ್ಲದಿಂದ ಸಾವು ತಗ್ಗುತ್ತದೆಂದು ತೋರಿಸಿತ್ತು. ಅದನ್ನು ಪೆಟ್ಟಾದ ಮೂರು ಗಂಟೆಯೊಳಗೆ ಕೊಡಬೇಕು; ಅಂದಾಜು ಬೇಗ ಆಗಬೇಕಾದ್ದು ಇದಕ್ಕೂ. ಈಗ ರಕ್ತದ ಅಗತ್ಯ ಊಹಿಸುವ ಕಂಪ್ಯೂಟರ್ ಮಾದರಿಗಳು ಬಂದಿವೆ, ಆದರೆ ಯಾವ ರೋಗಿಗಳ ದಾಖಲೆಯಿಂದ ಕಲಿತವೋ ಅವರಂಥವರಿಗೇ ಅವು ಚೆನ್ನಾಗಿ ಒಗ್ಗುತ್ತವೆ.

2016ರ ಫೆಬ್ರವರಿಯಲ್ಲಿ ನೆಲಮಂಗಲ ಬಳಿ ಲಾರಿಗೆ ಬಲಿಯಾದ ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ಸಾಯುವ ಹೊತ್ತಿನಲ್ಲೂ ಅಂಗದಾನಕ್ಕೆ ಕೇಳಿಕೊಂಡಿದ್ದರು. ಅವರ ನೆನಪಿನ ‘ಮುಖ್ಯಮಂತ್ರಿ ಸಾಂತ್ವನ ಹರೀಶ್’ ಯೋಜನೆ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ವೆಚ್ಚ ಭರಿಸುವ ಭರವಸೆ ಕೊಟ್ಟಿತು. ದುಡ್ಡಿನ ತಡೆಗೆ ಅದು ಉತ್ತರ. ರಕ್ತ ತಡವಾಗುವುದಕ್ಕೆ ಉತ್ತರ ಬೇರೆ ಬೇಕು.

ತಾಲ್ಲೂಕು ಆಸ್ಪತ್ರೆಗೆ ದೊಡ್ಡ ಸ್ಕೋರ್ ಬೇಕಿಲ್ಲ. ಇಂಡೆಕ್ಸ್ 1 ಮುಟ್ಟಿದ್ದರೆ, ಎದೆಯಲ್ಲಿ ರಕ್ತ ಕಂಡರೆ, ಆಂಬುಲೆನ್ಸ್ ಹೊರಡುವ ಮೊದಲೇ ತುಮಕೂರಿಗೆ ಫೋನ್ ಹೋಗಲಿ. ಯಾವ ರೋಗಿಗೆ ಎಷ್ಟು ಯೂನಿಟ್ ಬೇಕಾಯಿತೆಂದು ಜಿಲ್ಲೆಯ ಆಸ್ಪತ್ರೆಗಳು ಒಂದೇ ನಮೂನೆಯಲ್ಲಿ ಬರೆದಿಡಲಿ. ಇಲ್ಲಿನ ಗಾಯಾಳುಗಳಿಗೆ ಯಾವ ಅಳತೆ ಸರಿ ಎಂಬುದನ್ನು ಆ ದಾಖಲೆಯೇ ಹೇಳಬೇಕು.